ಗೂಡಿನಲ್ಲಿಟ್ಟ ಗೇಮ್ ಕನ್ಸೋಲ್ ಇಪ್ಪತ್ತು ನಿಮಿಷಕ್ಕೆ ಆರಿಹೋಗುತ್ತಿದೆ, ಏನು ಮಾಡಲಿ?

ಕೋಟೆಬೆಟ್ಟದ ಕೆಳಗೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳು ವರ್ಷದ ಹಳೆಯ ಗೇಮ್ ಕನ್ಸೋಲ್ ಇದೆ. ಕಂಪನಿಯ ಹೆಸರು ಹೇಳುವುದಿಲ್ಲ, ಏಕೆಂದರೆ ತಪ್ಪು ಯಂತ್ರದ್ದೋ ನಮ್ಮದೋ ಇನ್ನೂ ತೀರ್ಮಾನವಾಗಿಲ್ಲ. ಯುಗಾದಿಯವರೆಗೂ ಚೆನ್ನಾಗಿಯೇ ಇತ್ತು. ಈಗ ಆಟ ಶುರುವಾದ ಹತ್ತು ನಿಮಿಷಕ್ಕೆ ಫ್ಯಾನ್ ಮಿಕ್ಸಿಯಂತೆ ಅರಚಲು ತೊಡಗುತ್ತದೆ. ಇನ್ನೂ ಹತ್ತು ನಿಮಿಷಕ್ಕೆ ಪರದೆಯ ಮೇಲೆ ಬಿಸಿಯ ಎಚ್ಚರಿಕೆ ಬಂದು ತಾನೇ ಆರುತ್ತದೆ. ಮಗ ಹತ್ತನೆಯ ಇಯತ್ತೆ ಮುಗಿಸಿ ರಜೆಯಲ್ಲಿದ್ದಾನೆ. ಅವನಿಗೆ ಇದೊಂದೇ ಕೆಲಸ, ಆದ್ದರಿಂದ ನನಗೂ ಇದೊಂದೇ ತಲೆನೋವು.

ಇಲ್ಲಿನ ಒಂದು ಅಂಗಡಿಗೆ ಒಯ್ದಿದ್ದೆ. ಮುಚ್ಚಳ ಕೂಡ ತೆಗೆಯದೆ, ಕಿವಿಯ ಹತ್ತಿರ ಹಿಡಿದು ನೋಡಿ, "ಚಿಪ್ ಹೋಗಿದೆ, ರೀಬಾಲಿಂಗ್ ಮಾಡಬೇಕು, ಆರು ಸಾವಿರ" ಎಂದರು. ಗಡಿಯಾರ ಅಲ್ಲಾಡಿಸಿ ನೋಡಿದಂತಿತ್ತು. ನಂಬಿಕೆ ಬರಲಿಲ್ಲ, ವಾಪಸ್ ತಂದೆ. ಚಿಪ್ಪನ್ನು ಎತ್ತಿ ಅದರ ಕೆಳಗಿನ ಬೆಸುಗೆಯ ಗುಂಡುಗಳನ್ನು ಹೊಸದಾಗಿ ಹಾಕುವ ಈ ರೀಬಾಲಿಂಗ್ ನಿಜವಾಗಿ ಬೇಕೇ? ಮನೆಯಲ್ಲೇ ಏನಾದರೂ ಮಾಡಬಹುದೇ? ನನಗೆ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತದೆ. ನಮ್ಮದು ಜೀನ್ಸ್ ಹೊಲಿಯುವ ಘಟಕ, ಯಂತ್ರಗಳ ರಿಪೇರಿ ಅರ್ಧ ನಾನೇ ಮಾಡಿಕೊಳ್ಳುತ್ತೇನೆ. ಆದರೆ ಎಲೆಕ್ಟ್ರಾನಿಕ್ಸ್ ಎಂದರೆ ಕೈ ನಡುಗುತ್ತದೆ.

ಎಡದಂಡೆ ಕಾಲುವೆ (ಸಿಂಧನೂರು)

ಬೇಸಿಗೆ ಸ್ವಾಮಿ, ಬೇಸಿಗೆ. ಮೇ ತಿಂಗಳಲ್ಲಿ ನಾವೇ ಆರಿಹೋಗುತ್ತೇವೆ, ಅದು ಆರಿದರೆ ಏನು ಆಶ್ಚರ್ಯ. ರಾತ್ರಿ ಹತ್ತರ ನಂತರ ಆಡಲು ಹೇಳಿ.

ಬೆಸುಗೆ ಕಡ್ಡಿ (ರಾಯಚೂರು)

ಬೇಸಿಗೆ ಒಂದೇ ಕಾರಣವಾಗಿದ್ದರೆ ಹೋದ ಬೇಸಿಗೆಯಲ್ಲೂ ಆರಬೇಕಿತ್ತು. ಕೋಟೆಬೆಟ್ಟದವರೇ, ರಿಪೇರಿ ಮೇಜಿನ ಮುಂದೆ ಹತ್ತೊಂಬತ್ತು ವರ್ಷ ಕುಳಿತವನ ಮಾತು: ಮುಚ್ಚಳ ತೆಗೆಯದೆ ಚಿಪ್ ಹೋಗಿದೆ ಎಂದವರಿಗೆ ಚಿಪ್ ಹೋಗಿದೆಯೋ ಇಲ್ಲವೋ ಗೊತ್ತಿಲ್ಲ. ಚಿಪ್ಪಿನ ಕೆಳಗಿನ ಬೆಸುಗೆ ಬಿಟ್ಟಿದ್ದರೆ ಯಂತ್ರ ಹೊತ್ತುವುದೇ ಇಲ್ಲ, ಇಲ್ಲವೇ ಹೊತ್ತಿದ ಕೂಡಲೇ ಚಿತ್ರ ಕೆಡುತ್ತದೆ, ಗೆರೆ ಬೀಳುತ್ತದೆ. ನಿಮ್ಮದು ಇಪ್ಪತ್ತು ನಿಮಿಷ ಸರಿಯಾಗಿ ಓಡಿ, ಎಚ್ಚರಿಕೆ ಕೊಟ್ಟು, ತಾನೇ ನಿಲ್ಲುತ್ತಿದೆ. ಕೆಟ್ಟ ಯಂತ್ರದ ಲಕ್ಷಣ ಇದಲ್ಲ. ಸಾಯದಿರಲು ನೋಡುತ್ತಿರುವ ಯಂತ್ರದ ಲಕ್ಷಣ.

ಮೂರು ವಿಷಯ ತಿಳಿಸಿ. ಅದನ್ನು ಎಲ್ಲಿ ಇಟ್ಟಿದ್ದೀರಿ? ಒಮ್ಮೆಯಾದರೂ ಬಿಚ್ಚಿ ಸ್ವಚ್ಛ ಮಾಡಿದ್ದೀರಾ? ಹಿಂದಿನಿಂದ ಬರುವ ಗಾಳಿ ಜೋರಾಗಿ ಬಿಸಿಯಾಗಿ ಬರುತ್ತದೆಯೇ, ಅಥವಾ ಸದ್ದು ಮಾತ್ರ ಜೋರಾಗಿ ಗಾಳಿ ಸೊರಗಿದೆಯೇ?

ಕೋಟೆಬೆಟ್ಟದ ಕೆಳಗೆ (ಬಳ್ಳಾರಿ)

ಟಿವಿಯ ಕೆಳಗೆ ಗೋಡೆಯಲ್ಲಿ ಕಡಪಾ ಕಲ್ಲಿನ ಗೂಡು ಇದೆ, ಅದರಲ್ಲಿಟ್ಟಿದ್ದೇವೆ. ಬಳ್ಳಾರಿಯ ಮನೆಗಳಲ್ಲಿ ಎಲ್ಲವೂ ಕಡಪಾ ಕಲ್ಲಿನ ಗೂಡಿನಲ್ಲೇ ಇರುತ್ತದೆ, ನಿಮಗೆ ಗೊತ್ತು. ಮುಂದೆ ಗಾಜಿನ ಬಾಗಿಲೂ ಇತ್ತು, ಅದನ್ನು ತೆಗೆದಿಟ್ಟೆ. ಬಿಚ್ಚಿಲ್ಲ, ಏಳು ವರ್ಷದಲ್ಲಿ ಒಮ್ಮೆಯೂ ಇಲ್ಲ. ಸದ್ದು ಜೋರು, ಗಾಳಿ ಸೊರಗಿದೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಧೂಳು ಹೋಗಬಾರದೆಂದು ನಮ್ಮ ತಾಯಿ ಅದರ ಮೇಲೆ ಕ್ರೋಶಾ ಹಾಕಿದ ಬಟ್ಟೆಯೊಂದನ್ನು ಹೊದಿಸಿದ್ದಾರೆ. ಆಡುವಾಗ ತೆಗೆಯಬೇಕು ಎಂದು ಮಗನಿಗೆ ಹೇಳಿದ್ದೇನೆ. ತೆಗೆಯುತ್ತಾನೋ ಇಲ್ಲವೋ ದೇವರಿಗೇ ಗೊತ್ತು.

ಬೆಸುಗೆ ಕಡ್ಡಿ (ರಾಯಚೂರು)

ರೋಗ ಅರ್ಧ ಸಿಕ್ಕಿತು.

ಲೆಕ್ಕ ಹೀಗೆ. ನಿಮ್ಮ ಕಾಲದ ಕನ್ಸೋಲ್‌ಗಳು ಆಟ ನಡೆಯುವಾಗ ಸುಮಾರು 150 ವ್ಯಾಟ್ ಎಳೆಯುತ್ತವೆ, ಹೊಸವು 200ರ ಆಸುಪಾಸು. ಎಳೆದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಹಳೆಯ ಕಾಲದ ನೂರು ವ್ಯಾಟಿನ ಬಲ್ಬು, ಹತ್ತಿದರೆ ಕೈ ಇಡಲಾಗದು, ನೆನಪಿದೆಯಲ್ಲ? ಅಂತಹ ಒಂದೂವರೆ ಬಲ್ಬನ್ನು ಗೂಡಿನೊಳಗೆ ಹಚ್ಚಿಟ್ಟು ಮೂರು ಕಡೆ ಕಲ್ಲು, ಮೇಲೊಂದು ಹೊದಿಕೆ. ಹಿಂದಿನಿಂದ ಬಂದ ಬಿಸಿಗಾಳಿ ಗೋಡೆಗೆ ಬಡಿದು ತಿರುಗಿ ಮುಂದೆ ಬರುತ್ತದೆ, ಅದೇ ಗಾಳಿಯನ್ನು ಯಂತ್ರ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ.

ಫ್ಯಾನ್ ಎಂಬುದು ಏಸಿ ಅಲ್ಲ. ಒಳಗೆ ಬಂದ ಗಾಳಿಗಿಂತ ತಂಪಾಗಿ ಅದು ಏನನ್ನೂ ಮಾಡಲಾರದು. ಚಿಪ್ ಒಳಬರುವ ಗಾಳಿಗಿಂತ 40 ಡಿಗ್ರಿ ಮೇಲಿರುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. 25 ಡಿಗ್ರಿಯ ಕೋಣೆಯಲ್ಲಿ 65. ನಮ್ಮ ಮೇ ತಿಂಗಳ 40ರಲ್ಲಿ 80. ಗೂಡಿನಲ್ಲಿ 50 ಆಯಿತೋ, 90. ಕೈಪಿಡಿ ತೆಗೆದು ನೋಡಿ, ಹೆಚ್ಚಿನ ಕನ್ಸೋಲ್‌ಗಳು 5ರಿಂದ 35 ಡಿಗ್ರಿಯ ಒಳಗೆ ಬಳಸಬೇಕು ಎಂದೇ ಬರೆದಿರುತ್ತಾರೆ. ಬರೆದವರು ರಾಯಚೂರಿನ ಮೇ ತಿಂಗಳನ್ನು ನೋಡಿದವರಲ್ಲ.

ಗೂಡಿನೊಳಗೆ ಎಷ್ಟು ಬಿಸಿಯಿದೆ ಎಂದು ಅಳೆದು ಹೇಳಿ.

ಗಿಣಿಗೇರಾ ಗೇಟು (ಕೊಪ್ಪಳ)

ನಮ್ಮ ಕಡೆಯ ಕಥೆಯೂ ಕೇಳಿ. ಸುತ್ತ ಕಬ್ಬಿಣದ ಕಾರ್ಖಾನೆಗಳು. ಬೆಳಿಗ್ಗೆ ಒರೆಸಿದ ಕಿಟಕಿ ಕಟ್ಟೆಯ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ನನ್ನ ಕನ್ಸೋಲ್ ಎರಡು ವರ್ಷಕ್ಕೆ ಸತ್ತಿತು. ಕಬ್ಬಿಣದ ಧೂಳು ಬೋರ್ಡಿನ ಮೇಲೆ ಕುಳಿತು ಶಾರ್ಟ್ ಮಾಡಿತು ಎಂದು ರಿಪೇರಿಯವರು ಹೇಳಿದರು. ಬಳ್ಳಾರಿಯಲ್ಲಿ ಅದಿರಿನ ಧೂಳು ಇನ್ನೂ ಹೆಚ್ಚು. ಹಾಗಾಗಿ ಸ್ವಚ್ಛ ಮಾಡುವುದು, ಚಿಪ್ಪಿಗೆ ಬಿಸಿ ದಾಟಿಸುವ ಪೇಸ್ಟ್ ಹಚ್ಚುವುದು ಎಲ್ಲ ದಂಡ. ಮಾರಿಬಿಡಿ.

ಬೆಸುಗೆ ಕಡ್ಡಿ (ರಾಯಚೂರು)

ಗಿಣಿಗೇರಾದವರೇ, ಎಲ್ಲ ಕೆಂಪು ಧೂಳೂ ಒಂದೇ ಅಲ್ಲ. ಸಂಡೂರು ಕಡೆಯ ಅದಿರು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದು ಒಳ್ಳೆಯ ವಿದ್ಯುತ್ ವಾಹಕವಲ್ಲ, ಅಯಸ್ಕಾಂತಕ್ಕೂ ಸರಿಯಾಗಿ ಅಂಟುವುದಿಲ್ಲ. ಅದು ಶಾರ್ಟ್ ಮಾಡುವುದಕ್ಕಿಂತ ಹೀಟ್ ಸಿಂಕಿನ, ಅಂದರೆ ಚಿಪ್ಪಿನ ಬಿಸಿ ಹೀರುವ ಲೋಹದ ತಗಡುಗಳ, ಸಂದುಗಳನ್ನು ಮುಚ್ಚುವುದೇ ಹೆಚ್ಚು. ಕಾರ್ಖಾನೆಗಳಲ್ಲಿ ಅದಿರಿನಿಂದ ಮಾಡುವ ಸ್ಪಾಂಜ್ ಐರನ್ ಬೇರೆ. ಅದರಲ್ಲಿ ಆಮ್ಲಜನಕ ತೆಗೆದ ಲೋಹ ರೂಪದ ಕಬ್ಬಿಣವಿರುತ್ತದೆ. ಕಿಟಕಿ ಕಟ್ಟೆಯ ಧೂಳನ್ನು ಕಾಗದದ ಮೇಲೆ ಉದುರಿಸಿ ಕೆಳಗೆ ಅಯಸ್ಕಾಂತ ಆಡಿಸಿ ನೋಡಿ. ಧೂಳು ಮೀಸೆಯಂತೆ ಎದ್ದು ನಿಂತರೆ ನಿಮ್ಮ ರಿಪೇರಿಯವರು ಹೇಳಿದ್ದು ನಿಜವಿರಬಹುದು.

ಗಿಣಿಗೇರಾ ಗೇಟು (ಕೊಪ್ಪಳ)

ನೋಡಿದೆ. ಎಲ್ಲವೂ ಅಲ್ಲ, ಆದರೆ ಸ್ವಲ್ಪ ಎದ್ದು ನಿಂತಿತು. ಮಗಳು ಅದರಿಂದಲೇ ಕಾಗದದ ಮೇಲೆ ಒಂದು ಮುಖ ಮಾಡಿ ಮೀಸೆ ಇಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಇದನ್ನೇ ಅಲ್ಲವೇ ನಾವು ಉಸಿರಾಡುವುದು.

ಕೋಟೆಬೆಟ್ಟದ ಕೆಳಗೆ (ಬಳ್ಳಾರಿ)

ಅಳತೆಯ ವಿಷಯ. ಮನೆಯಲ್ಲಿದ್ದದ್ದು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್. ಗೂಡಿನಲ್ಲಿಟ್ಟೆ. ಸಂಖ್ಯೆಯನ್ನೇ ತೋರಿಸಲಿಲ್ಲ, ಎಚ್ ಎಂಬ ಒಂದೇ ಅಕ್ಷರ. ಹೆಂಡತಿ ನೋಡಿ, "ಅದಕ್ಕೆ ಮನುಷ್ಯರ ಜ್ವರ ಮಾತ್ರ ಗೊತ್ತು" ಎಂದಳು. ಪಕ್ಕದ ಓಣಿಯಲ್ಲಿ ಕೋಳಿಮರಿ ಸಾಕುವವರಿಂದ ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ತಂದೆ. ಸಂಜೆ ಏಳು ಗಂಟೆ, ಯಂತ್ರ ಹಚ್ಚುವ ಮೊದಲೇ ಗೂಡಿನಲ್ಲಿ 39. ಕೋಣೆಯಲ್ಲಿ 36. ಆ ಗೋಡೆ ಪಶ್ಚಿಮಕ್ಕಿದೆ, ಮಧ್ಯಾಹ್ನದ ಬಿಸಿಲು ಕುಡಿದ ಕಲ್ಲು ರಾತ್ರಿ ಹತ್ತರವರೆಗೂ ಉಗುಳುತ್ತಲೇ ಇರುತ್ತದೆ. ಹಚ್ಚಿ ಹದಿನೈದು ನಿಮಿಷಕ್ಕೆ 51.

ಹೊರಗೆ, ಟೀಪಾಯಿಯ ಮೇಲೆ ಇಟ್ಟು ಆಡಿಸಿದೆ. ಆರಲು ಐವತ್ತು ನಿಮಿಷ ಹಿಡಿಯಿತು. ಅಂದರೆ ಆರುವುದಂತೂ ನಿಂತಿಲ್ಲ.

ಬೆಸುಗೆ ಕಡ್ಡಿ (ರಾಯಚೂರು)

ಉಳಿದ ಅರ್ಧ ಒಳಗಿದೆ. ಬಿಚ್ಚಲೇಬೇಕು. ವಾರಂಟಿ ಮುಗಿದು ಕಾಲವಾಗಿದೆ, ಆ ಚಿಂತೆ ಇಲ್ಲ.

ಹಿಂದಿನ ರಾತ್ರಿಯೇ ಪ್ಲಗ್ ತೆಗೆದಿಡಿ. ಪವರ್ ಸಪ್ಲೈ ಡಬ್ಬಿಯನ್ನು ಹೊರಗೆ ಎತ್ತಿಡಿ, ಆದರೆ ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಹೊಡೆತ ಕೊಡಬಲ್ಲದು. ಸ್ಕ್ರೂಗಳು ನಕ್ಷತ್ರದ ಆಕಾರ, ನಡುವೆ ಸಣ್ಣ ಮೊಳೆ ಇರುತ್ತದೆ, ಅದಕ್ಕೆ ತುದಿಯಲ್ಲಿ ತೂತಿರುವ ಸ್ಕ್ರೂಡ್ರೈವರೇ ಬೇಕು. ಮೊಬೈಲ್ ರಿಪೇರಿ ಸಾಮಾನು ಮಾರುವಲ್ಲಿ ಸಿಗುತ್ತದೆ. ಚಾಕುವಿನ ತುದಿಯಿಂದ ತಿರುಗಿಸಲು ಹೋಗಬೇಡಿ, ಸ್ಕ್ರೂ ತಲೆ ಸವೆದ ಮೇಲೆ ನನ್ನಂಥವನ ಹತ್ತಿರ ಬರಬೇಕಾಗುತ್ತದೆ. ಸ್ಕ್ರೂಗಳ ಉದ್ದ ಬೇರೆ ಬೇರೆ. ಬಿಳಿ ಕಾಗದದ ಮೇಲೆ ಯಂತ್ರದ ಚಿತ್ರ ಬರೆದು, ಎಲ್ಲಿಂದ ತೆಗೆದಿರೋ ಅಲ್ಲೇ ಚುಚ್ಚಿಡಿ.

ಧೂಳನ್ನು ಬ್ರಶ್ಶಿನಿಂದ ಸಡಿಲಿಸಿ, ಆಮೇಲೆ ಬ್ಲೋವರ್. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅಳತೆ ಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಹೊಸ ಪೇಸ್ಟ್ ತೊಗರಿಕಾಳಿನಷ್ಟು ಸಾಕು. ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಬಳಿಯಬೇಡಿ. ಪೇಸ್ಟ್ ಇರುವುದು ಚಿಪ್ ಮತ್ತು ಹೀಟ್ ಸಿಂಕಿನ ನಡುವಿನ ಕಣ್ಣಿಗೆ ಕಾಣದ ಗಾಳಿಯ ಸಂದು ತುಂಬಲು ಮಾತ್ರ, ದಪ್ಪವಾದಷ್ಟೂ ಬಿಸಿ ದಾಟುವುದು ಕಷ್ಟ.

ಎಡದಂಡೆ ಕಾಲುವೆ (ಸಿಂಧನೂರು)

ಏರ್ ಕೂಲರ್ ಅನ್ನು ಅದರ ಎದುರಿಗೇ ತಿರುಗಿಸಿಟ್ಟರೆ ಇಷ್ಟೆಲ್ಲ ಕಷ್ಟ ತಪ್ಪುವುದಿಲ್ಲವೇ? ನಮ್ಮ ಅಣ್ಣನ ಮಗ ಹಾಗೇ ಮಾಡುತ್ತಾನೆ.

ಬೆಸುಗೆ ಕಡ್ಡಿ (ರಾಯಚೂರು)

ಕೋಣೆ ತಂಪಾಗಲು ಕೂಲರ್ ಇರಲಿ. ಯಂತ್ರದ ಮುಖಕ್ಕೆ ಹಿಡಿಯಬೇಡಿ. ಹಾಗೆ ಹಿಡಿದರೆ ತೇವದ ಗಾಳಿ ನೇರ ಒಳಗೆ ಹೋಗುತ್ತದೆ, ಒಳಗಿನ ಧೂಳು ಕೆಸರಾಗಿ ಅಂಟುತ್ತದೆ. ಕೂಲರಿನ ಹುಲ್ಲಿನ ಮೇಲೆ ಕಟ್ಟಿದ ಬಿಳಿ ಪದರ ನೋಡಿದ್ದೀರಲ್ಲ, ಬೋರ್‌ವೆಲ್ ನೀರಿನ ಸುಣ್ಣ, ಉಪ್ಪು. ಕೂಲರಿನಿಂದ ಹನಿ ಸಿಡಿಯುತ್ತಿದ್ದರೆ ಅದರ ಪಾಲೂ ಬೋರ್ಡಿಗೆ ಹೋಗುತ್ತದೆ. ನಿಮ್ಮ ಅಣ್ಣನ ಮಗನದ್ದು ಎರಡು ಮಳೆಗಾಲದ ನಂತರ ನನ್ನ ಮೇಜಿಗೆ ಬರುತ್ತದೆ, ಹಸಿರು ಹಿಡಿದುಕೊಂಡು.

ಇಬ್ಬರು ಮಕ್ಕಳ ತಾಯಿ (ರಾಯಚೂರು)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿರುವುದು ಪ್ಲೇಸ್ಟೇಷನ್ 5. ಕೆಟ್ಟಿಲ್ಲ. ಆದರೆ ಈ ಮಾತುಗಳನ್ನು ಓದಿ ದೊಡ್ಡ ಮಗ ಸ್ಕ್ರೂಡ್ರೈವರ್ ಹುಡುಕುತ್ತಿದ್ದಾನೆ. ಬೆಸುಗೆಯವರೇ, ಬಿಡಲೋ ಬೇಡವೋ?

ಬೆಸುಗೆ ಕಡ್ಡಿ (ರಾಯಚೂರು)

ಬಿಡಬೇಡಿ ಅಕ್ಕ. ಸ್ಕ್ರೂಡ್ರೈವರನ್ನು ಈಗಲೇ ಬೀರುವಿನಲ್ಲಿಟ್ಟು ಬೀಗ ಹಾಕಿ.

ಅದರಲ್ಲಿ ಪೇಸ್ಟಿನ ಬದಲು ದ್ರವ ಲೋಹ ಇದೆ. ಬಿಸಿಯನ್ನು ಬಹಳ ಚೆನ್ನಾಗಿ ದಾಟಿಸುತ್ತದೆ, ಆದರೆ ವಿದ್ಯುತ್ತನ್ನೂ ದಾಟಿಸುತ್ತದೆ. ಒಂದು ಹನಿ ಜಾರಿ ಪಕ್ಕದ ಬಿಡಿಭಾಗದ ಮೇಲೆ ಬಿದ್ದರೆ ಬೋರ್ಡು ಹೋಯಿತು. ಹೀಟ್ ಸಿಂಕ್ ಬಿಚ್ಚುವುದು ಮನೆಯ ಕೆಲಸವಲ್ಲ. ಹೊರಗಿನ ದೊಡ್ಡ ಬಿಳಿ ತಟ್ಟೆಗಳನ್ನು ಮಾತ್ರ ಜಾರಿಸಿ ತೆಗೆಯಬಹುದು, ಅದಕ್ಕೆ ಸ್ಕ್ರೂ ಬೇಡ. ಕೆಳಗೆ ಧೂಳು ಸಂಗ್ರಹವಾಗಲೆಂದೇ ಮಾಡಿದ ತೂತುಗಳಿವೆ, ಅಲ್ಲಿಂದ ವ್ಯಾಕ್ಯೂಮಿನಲ್ಲಿ ಎಳೆದರೆ ಆಯಿತು. ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮುಂಚೆ ಒಮ್ಮೆ. ಆರಿಸಿ, ಪ್ಲಗ್ ತೆಗೆದ ಮೇಲೆ.

ಇಬ್ಬರು ಮಕ್ಕಳ ತಾಯಿ (ರಾಯಚೂರು)

ಬೀಗ ಹಾಕಿದೆ. ಇನ್ನೊಂದು ಸಂಶಯ. ಆಟಕ್ಕಿಂತ ಆಟದೊಳಗಿನ ನಕ್ಷೆ ತೆರೆದಿಟ್ಟು ಊಟಕ್ಕೆ ಬಂದಾಗಲೇ ಫ್ಯಾನ್ ಹೆಚ್ಚು ಕೂಗುತ್ತದೆ. ಏನೂ ನಡೆಯುತ್ತಿಲ್ಲವಲ್ಲ, ಯಾಕೆ ಹೀಗೆ?

ಬೆಸುಗೆ ಕಡ್ಡಿ (ರಾಯಚೂರು)

ಒಳ್ಳೆಯ ಕಣ್ಣು ನಿಮ್ಮದು. ಆಟ ನಡೆಯುವಾಗ ಸೆಕೆಂಡಿಗೆ ಇಷ್ಟೇ ಚಿತ್ರ, 30 ಅಥವಾ 60, ಎಂದು ಕಡಿವಾಣ ಇರುತ್ತದೆ. ಕೆಲವು ಆಟಗಳಲ್ಲಿ ನಕ್ಷೆಗೆ, ಪಟ್ಟಿಯ ಪುಟಕ್ಕೆ ಆ ಕಡಿವಾಣ ಹಾಕಿರುವುದಿಲ್ಲ. ಬಿಡಿಸಲು ಸುಲಭವಾದ ಚಿತ್ರವನ್ನೇ ಚಿಪ್ ತನ್ನ ಕೈಲಾದಷ್ಟು ವೇಗವಾಗಿ ಬಿಡಿಸುತ್ತಾ ಕೂರುತ್ತದೆ. ಗಾಣ ಖಾಲಿ ಇದ್ದರೂ ಎತ್ತು ಓಡುತ್ತಿದ್ದಂತೆ. ಊಟಕ್ಕೆ ಏಳುವಾಗ ಕನ್ಸೋಲಿನ ಮುಖ್ಯ ಪುಟಕ್ಕೆ ಬಂದು ಏಳಲು ಹೇಳಿ.

ಗಿಣಿಗೇರಾ ಗೇಟು (ಕೊಪ್ಪಳ)

ರೀಬಾಲಿಂಗ್ ಸುಳ್ಳು ಎನ್ನುತ್ತೀರಾ ಹಾಗಾದರೆ? ನಮ್ಮ ಗೆಳೆಯನದು ಹೀಟ್ ಗನ್ ಹಿಡಿದ ಕೂಡಲೇ ಎದ್ದು ಕೂತಿತ್ತು. ಕಣ್ಣಾರೆ ಕಂಡಿದ್ದೇನೆ.

ಬೆಸುಗೆ ಕಡ್ಡಿ (ರಾಯಚೂರು)

ಎಷ್ಟು ದಿನ ಕೂತಿತ್ತು?

ಗಿಣಿಗೇರಾ ಗೇಟು (ಕೊಪ್ಪಳ)

ಮೂರು ವಾರ.

ಬೆಸುಗೆ ಕಡ್ಡಿ (ರಾಯಚೂರು)

ಅದೇ ನನ್ನ ಉತ್ತರ. ಆದರೂ ಸುಳ್ಳು ಎನ್ನುವುದಿಲ್ಲ, ಬೇಕಾದಲ್ಲಿ ಬೇಕು. ಈ ಕಥೆ ಹುಟ್ಟಿದ್ದು ಎಕ್ಸ್‌ಬಾಕ್ಸ್ 360 ಕಾಲದಲ್ಲಿ. 2005ರ ಕೊನೆಗೆ ಬಂದ ಯಂತ್ರ, ಮುಂಭಾಗದಲ್ಲಿ ಕೆಂಪು ದೀಪಗಳು ಹತ್ತಿ ಸಾಲುಸಾಲಾಗಿ ಸತ್ತವು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ ಅದಕ್ಕೆಂದೇ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಅಷ್ಟರಲ್ಲಿ ಜನ ಟವೆಲ್ ಸುತ್ತಿ ಬಿಸಿ ಮಾಡುವುದು, ಒಲೆಯಲ್ಲಿ ಬೇಯಿಸುವುದು ಎಲ್ಲ ಮಾಡಿದ್ದರು. ಬಿಸಿಗೆ ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತಿತ್ತು, ಮತ್ತೆ ಬಿಡುತ್ತಿತ್ತು. ಬಿರುಕು ಎಷ್ಟೋ ಸಲ ಚಿಪ್ಪಿನ ಕೆಳಗಿನ ದೊಡ್ಡ ಗುಂಡುಗಳಲ್ಲಿ ಇರಲೇ ಇಲ್ಲ, ಚಿಪ್ಪಿನ ಪೊಟ್ಟಣದ ಒಳಗಿನ ಸಣ್ಣ ಜೋಡಣೆಗಳಲ್ಲಿತ್ತು. ಕಾದು ಆರಿ, ಕಾದು ಆರಿ ಬಂದ ಬಿರುಕು ಅದು. ಅಲ್ಲಿಗೆ ರೀಬಾಲಿಂಗ್ ಕೈ ಚಾಚುವುದೇ ಇಲ್ಲ.

ಸೀಸ ಬೆರೆಸಿದ ಹಳೆಯ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು, ಈಗಿನ ಸೀಸರಹಿತ ಬೆಸುಗೆಗೆ 217ರ ಸುತ್ತ ಬೇಕು. ಹೇರ್ ಡ್ರೈಯರಿನಿಂದ ಬೆಸುಗೆ ಕರಗಿಸಿದೆ ಎನ್ನುವವರು ಪ್ಲಾಸ್ಟಿಕ್ ಕರಗಿಸಿರುತ್ತಾರೆ, ಅಷ್ಟೇ.

ಕೋಟೆಬೆಟ್ಟದ ಕೆಳಗೆ (ಬಳ್ಳಾರಿ)

ಬಿಚ್ಚಿದೆ. ಭಾನುವಾರ, ಘಟಕಕ್ಕೆ ರಜೆ, ಕತ್ತರಿಸುವ ದೊಡ್ಡ ಮೇಜಿನ ಮೇಲೆ ಹಳೆಯ ಬಿಳಿ ಪಂಚೆ ಹಾಸಿಕೊಂಡು ಕುಳಿತೆ. ಮಗ ಸ್ಕ್ರೂ ಜೋಡಿಸುವವನು, ನಾನು ಬಿಚ್ಚುವವನು.

ಕೆಂಪು ಧೂಳು ಇರುತ್ತದೆ ಎಂದುಕೊಂಡಿದ್ದೆ. ಮುಚ್ಚಳ ತೆಗೆದರೆ ನೀಲಿ! ಹೀಟ್ ಸಿಂಕಿನ ಬಾಯಿಗೆ ಅಂಗುಲದ ಕಾಲುಭಾಗ ದಪ್ಪದ ನೀಲಿ ಕಂಬಳಿ. ಚಿಮಟದಿಂದ ಒಂದು ಮೂಲೆ ಹಿಡಿದು ಎಳೆದೆ, ಇಡಿಯಾಗಿ ಎದ್ದು ಬಂತು, ಹರಿಯಲೂ ಇಲ್ಲ. ತಗಡಿನ ಸಂದುಗಳ ಗುರುತು ಅದರ ಒಳಮೈಯಲ್ಲಿ ಕಾರ್ಡುರಾಯ್ ಬಟ್ಟೆಯ ಗೆರೆಗಳಂತೆ ಮೂಡಿತ್ತು. ನಮ್ಮದೇ ಡೆನಿಮ್. ಕೆಳಗೆ ಹನ್ನೊಂದು ಯಂತ್ರಗಳು ಹೊಲಿಯುತ್ತವೆ, ಅದರ ನಾರು ಮೆಟ್ಟಿಲು ಹತ್ತಿ ಬಂದು ಏಳು ವರ್ಷ ಇಲ್ಲಿ ಮತ್ತೊಂದು ಬಟ್ಟೆ ನೇಯ್ದಿದೆ. ಕೈಯಲ್ಲಿ ಹಿಡಿದರೆ ಜಿಡ್ಡು. ದೇವರ ಮನೆ ಪಕ್ಕದಲ್ಲೇ ಇದೆ, ಊದುಬತ್ತಿಯ ಹೊಗೆ ಮತ್ತು ಎಣ್ಣೆ ದೀಪದ ಮಸಿ ನಾರನ್ನು ಅಂಟಿಸಿರಬೇಕು.

ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿತ್ತು, ಉಗುರಿಗೆ ಉದುರಿತು. ಒರೆಸಿದ ಮೇಲೆ ಚಿಪ್ ಕನ್ನಡಿಯಂತೆ ಹೊಳೆಯಿತು, ಮಗ ಬಗ್ಗಿ ತನ್ನ ಮುಖ ನೋಡಿಕೊಂಡ. ಹೊಸ ಪೇಸ್ಟ್ ಮೊದಲ ಸಲ ಜಾಸ್ತಿ ಹಾಕಿದೆ, ಒರೆಸಿ ಮತ್ತೆ ಹಾಕಿದೆ. ಒಂದು ತೆಳುವಾದ ಕೇಬಲ್ ಸರಿಯಾಗಿ ಕೂರದೆ ಮೊದಲಿಗೆ ಡಿಸ್ಕ್ ಒಳಗೆ ಹೋಗಲಿಲ್ಲ. ಎದೆ ಧಸಕ್ಕೆಂದಿತು. ಮತ್ತೆ ಬಿಚ್ಚಿ ಒತ್ತಿದ ಮೇಲೆ ಸರಿಹೋಯಿತು. ಒಟ್ಟು ಮೂರೂವರೆ ಗಂಟೆ.

ಟೀಪಾಯಿಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ. ನಿನ್ನೆ ಸಂಜೆ ಎರಡು ಗಂಟೆ ಆಡಿದ, ಆರಲಿಲ್ಲ. ಫ್ಯಾನ್ ತಿರುಗುತ್ತದೆ, ಕಿರುಚುವುದಿಲ್ಲ.

ಬೆಸುಗೆ ಕಡ್ಡಿ (ರಾಯಚೂರು)

ಆರು ಸಾವಿರ ಉಳಿಯಿತು. ಹತ್ತಿ ನಾರು ನಮ್ಮ ಕಡೆಯೂ ಬರುತ್ತದೆ, ಜಿನ್ನಿಂಗ್ ಕಾರ್ಖಾನೆಗಳ ಹತ್ತಿರದ ಮನೆಗಳಿಂದ. ಅದು ಬಿಳಿ. ನೀಲಿಯನ್ನು ಈವರೆಗೆ ಕಂಡಿರಲಿಲ್ಲ. ನಾರು ಸಣ್ಣ ಧೂಳಿಗಿಂತ ಕೆಟ್ಟದ್ದು, ಬಲೆಯಂತೆ ನಿಂತು ಉಳಿದೆಲ್ಲ ಧೂಳನ್ನೂ ಹಿಡಿಯುತ್ತದೆ. ನೀವು ಆರು ತಿಂಗಳಿಗೊಮ್ಮೆ ಮುಚ್ಚಳ ಮಾತ್ರ ತೆಗೆದು ಬ್ರಶ್ ಆಡಿಸಿ. ಪೇಸ್ಟ್ ಪ್ರತಿ ಸಲ ಬೇಡ, ಮೂರು ನಾಲ್ಕು ವರ್ಷ ಬರುತ್ತದೆ.

ಇನ್ನು ಮನೆಯಲ್ಲಿ ಇನ್ವರ್ಟರ್ ಹಳೆಯ ಚೌಕ ಅಲೆಯದಾಗಿದ್ದರೆ ಕರೆಂಟು ಹೋದಾಗ ಅದರ ಮೇಲೆ ಆಡುವುದು ಬೇಡ. ಪವರ್ ಸಪ್ಲೈ ಗುಂಯ್‌ಗುಡುತ್ತದೆ, ಹೆಚ್ಚು ಬಿಸಿಯಾಗುತ್ತದೆ.

ಎಡದಂಡೆ ಕಾಲುವೆ (ಸಿಂಧನೂರು)

ಅಣ್ಣನ ಮಗನ ಕೂಲರ್ ತಿರುಗಿಸಿ ಬಂದೆ. ಈಗ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಅವನದನ್ನೂ ಬಿಚ್ಚಬೇಕಾದರೆ ಪೇಸ್ಟ್ ಎಲ್ಲಿ ಸಿಗುತ್ತದೆ? ಇಲ್ಲಿ ಕೇಳಿದರೆ ಹಲ್ಲುಜ್ಜುವ ಪೇಸ್ಟ್ ತೋರಿಸುತ್ತಾರೆ.

ಬೆಸುಗೆ ಕಡ್ಡಿ (ರಾಯಚೂರು)

ಕಂಪ್ಯೂಟರ್ ರಿಪೇರಿ ಮಾಡುವವರಲ್ಲಿ ಕೇಳಿ, ಪ್ರೊಸೆಸರಿಗೆ ಹಚ್ಚುವುದು ಎಂದರೆ ಸಾಕು. ರಾಯಚೂರಿಗೆ ಬಂದರೆ ತೀನ್ ಕಂದೀಲ್ ಸುತ್ತಮುತ್ತ ವಿಚಾರಿಸಿ. ಹಲ್ಲುಜ್ಜುವ ಪೇಸ್ಟ್ ಹಚ್ಚಿದವರೂ ಇದ್ದಾರೆ, ನಗಬೇಡಿ. ಒಂದು ವಾರ ಓಡುತ್ತದೆ, ನೀರು ಆರಿದ ಮೇಲೆ ಗಾರೆಯಾಗುತ್ತದೆ.

ಗಿಣಿಗೇರಾ ಗೇಟು (ಕೊಪ್ಪಳ)

ಕೋಟೆಬೆಟ್ಟದವರೇ, ಕ್ರೋಶಾ ಬಟ್ಟೆ ಏನಾಯಿತು? ಅದನ್ನು ಯಾರೂ ಕೇಳಲಿಲ್ಲ.

ಕೋಟೆಬೆಟ್ಟದ ಕೆಳಗೆ (ಬಳ್ಳಾರಿ)

ತಾಯಿಗೆ ಆ ನೀಲಿ ಕಂಬಳಿಯನ್ನು ತೋರಿಸಿದೆ, ಹೊದಿಕೆಯಿಂದ ಧೂಳು ನಿಲ್ಲಲಿಲ್ಲ, ಗಾಳಿ ಮಾತ್ರ ನಿಂತಿತು ಎಂದೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನನ್ನದಕ್ಕಿಂತ ನೇಯ್ಗೆ ಬಿಗಿಯಾಗಿದೆ" ಎಂದರು. ಬಟ್ಟೆ ಈಗ ಖಾಲಿ ಗೂಡಿನಲ್ಲಿ ಹಾಸಿದೆ, ಅದರ ಮೇಲೆ ಕಿನ್ನಾಳದ ಗೊಂಬೆ ಕೂತಿದೆ. ಕೋಳಿಯವರ ಥರ್ಮಾಮೀಟರ್ ಇನ್ನೂ ವಾಪಸ್ ಕೊಟ್ಟಿಲ್ಲ, ನಾಳೆ ಕೊಡಬೇಕು.